ಬಿಲ್ಬಾವೊ: ಉಕ್ಕಿನ ಊರಿನ ಹೊಸ ಹೊಳಪು

ಸ್ಪೇನಿನ ಬಿಲ್ಬಾವೊಕ್ಕೆ ಹೋದವರು ಮೊದಲು ಧಾವಿಸುವುದು ನೆರ್ವಿಯೋನ್ ನದಿಯ ದಂಡೆಯ ಗುಗೆನ್‌ಹೈಮ್ ಕಲಾಸಂಗ್ರಹಾಲಯಕ್ಕೆ. 1997ರಲ್ಲಿ ತೆರೆದ, ಫ್ರಾಂಕ್ ಗೆಹ್ರಿಯ ಆ ಕಟ್ಟಡದ ಟೈಟಾನಿಯಂ ಹೊದಿಕೆ ಮೋಡದಲ್ಲಿ ಬೂದಿಬಣ್ಣಕ್ಕೂ ಬಿಸಿಲಿನಲ್ಲಿ ಹೊಂಬಣ್ಣಕ್ಕೂ ತಿರುಗುವುದು ನೋಡತಕ್ಕದ್ದೇ. ಆದರೆ ನನ್ನ ಮನಸ್ಸು ನಿಂತದ್ದು ಅಲ್ಲಿಂದ ತುಸು ಕೆಳಗೆ, ಎವುಸ್ಕಾಲ್ದುನಾ ಹಡಗು ಕಾರ್ಖಾನೆಯಿದ್ದ ಜಾಗದಲ್ಲಿ. ಅದನ್ನು ಉಳಿಸಿಕೊಳ್ಳಲು 1984ರಲ್ಲಿ ಕಾರ್ಮಿಕರು ಪೊಲೀಸರೊಡನೆ ಸೆಣಸಿದರು. 1988ರಲ್ಲಿ ಅದು ಮುಚ್ಚಿಯೇ ಹೋಯಿತು. ಈಗಲ್ಲಿ ಕಡಲಯಾನದ ಸಂಗ್ರಹಾಲಯವಿದೆ. ಅಂಗಳದಲ್ಲಿ ಕರೋಲಾ ಎಂಬ ಕೆಂಪು ಕ್ರೇನು, ಎತ್ತಲು ಭಾರವಿಲ್ಲದೆ, ಬಣ್ಣ ಬಳಿಸಿಕೊಂಡು ನಿಂತಿದೆ.

ಕಡಲಿನತ್ತ ಸಾಗಿದರೆ 1893ರ ವಿಸ್ಕಾಯ ಸೇತುವೆ. ಹಡಗುಗಳ ಹಾದಿಗೆ ಅಡ್ಡಬಾರದಂತೆ ಎತ್ತರದ ತೊಲೆಯಿಂದ ಉಕ್ಕಿನ ಹಗ್ಗಗಳಲ್ಲಿ ಇಳಿಬಿಟ್ಟ ತೊಟ್ಟಿಲೊಂದು ಜನರನ್ನೂ ವಾಹನಗಳನ್ನೂ ಇಂದಿಗೂ ದಾಟಿಸುತ್ತದೆ. ನೋಟಕ್ಕಷ್ಟೇ ಉಳಿಯದೆ ಇನ್ನೂ ದುಡಿಯುತ್ತಿದೆಯೆಂದು ಅದರ ಮೇಲೆ ನನಗೆ ಹೆಚ್ಚು ಮಮತೆ.