ದುಗ್ಧಗ್ರಂಥಿಗಳ ಹುಟ್ಟು

ಕಾಲಿಗೆ ಮುಳ್ಳು ನಾಟಿ ಕೀವಾದರೆ ತೊಡೆಯ ಸಂದಿನಲ್ಲಿ ಗೆಡ್ಡೆ ಕಟ್ಟುವುದನ್ನು ಎಲ್ಲರೂ ಬಲ್ಲರು. ಆ ಗೆಡ್ಡೆ ಹೊಸತಾಗಿ ಹುಟ್ಟಿದುದಲ್ಲ; ಅಲ್ಲಿಯೇ ಇದ್ದ ದುಗ್ಧಗ್ರಂಥಿಯು ರೋಗಾಣುಗಳನ್ನೆದುರಿಸುತ್ತ ಊದಿಕೊಂಡುದು. (ಯಾವ ರಸವನ್ನೂ ಸ್ರವಿಸದ ಇದನ್ನು ಗ್ರಂಥಿಯೆನ್ನುವುದು ಸಲ್ಲದೆಂದು ಆಕ್ಷೇಪಿಸುವವರುಂಟು. ಸಂಸ್ಕೃತದಲ್ಲಿ ಗ್ರಂಥಿಯೆಂದರೆ ಮೊದಲಿಗೆ ಗಂಟೇ ಆದುದರಿಂದ ನಮ್ಮ ಶಬ್ದಕ್ಕೆ ದೋಷ ತಟ್ಟದು.) ರೋಗವನ್ನೇ ಕಾಣದ ಶಿಶುವಿನಲ್ಲಿ ಈ ಕಾವಲುಠಾಣೆಗಳು ಗರ್ಭದಲ್ಲಿಯೇ ಸಿದ್ಧವಾಗುವುದೆಂತು?

ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿದ್ಯಾಲಯದ ಫ್ಲಾರೆನ್ಸ್ ಸೇಬಿನ್ ಅವರು 1902ರಲ್ಲಿ ಹಂದಿಯ ಭ್ರೂಣಗಳಿಗೆ ಬಣ್ಣದ ದ್ರವವನ್ನು ಚುಚ್ಚಿ ನೋಡಿ, ದುಗ್ಧನಾಳಗಳು ಅಭಿಧಮನಿಗಳಿಂದಲೇ ಚಿಗುರೊಡೆಯುವುವೆಂದು ಸಾರಿದರು. ಮೊದಲು ಕೊರಳಿನ ಇಕ್ಕೆಲಗಳಲ್ಲಿ, ಬಳಿಕ ಉದರದ ಹಿಂಬದಿಯಲ್ಲಿಯೂ ಸೊಂಟದಲ್ಲಿಯೂ ದುಗ್ಧಕೋಶಗಳೆಂಬ ಚೀಲಗಳು ಮೂಡುತ್ತವೆ. ಇದನ್ನೊಪ್ಪದವರೊಡನೆ ಬಹುಕಾಲ ವಾದ ನಡೆಯಿತು. 1999ರಲ್ಲಿ, ಪ್ರಾಕ್ಸ್-1 ಎಂಬ ವಂಶವಾಹಿಯಿಲ್ಲದ ಇಲಿಮರಿಗಳಲ್ಲಿ ಆ ಚಿಗುರು ಬೆಳೆಯದೆ ನಿಂತುಹೋಗುವುದು ಕಂಡುಬಂದು, ಸೇಬಿನ್ ಅವರ ಪಕ್ಷಕ್ಕೆ ದೊಡ್ಡ ಬಲ ದೊರಕಿತು.

ಹಾಗಾದರೆ ಗ್ರಂಥಿಗೂ ಆ ಚೀಲವೇ ಮೂಲವೆಂದು ಭಾವಿಸುವುದು ಸಹಜ. ಆದರೆ ಚೀಲಗಳೇ ಇಲ್ಲದ ಅಂಥ ಭ್ರೂಣಗಳಲ್ಲಿಯೂ ಗ್ರಂಥಿಯ ಮೊಳಕೆ ತೋರುವುದೆಂದು 2009ರಲ್ಲಿ ತಿಳಿದುಬಂದಿತು. ನಾಳವು ಗ್ರಂಥಿಯನ್ನು ಬೆಳೆಸುತ್ತದೆ, ಹುಟ್ಟಿಸುವುದು ಬೇರೊಂದು.

ಅದು ಎರಡು ಬಗೆಯ ಜೀವಕೋಶಗಳ ಸಂವಾದ. ಒಂದು ಬಗೆಯವು ರಕ್ತದೊಡನೆ ಸಂಚರಿಸುವ ಅಲೆಮಾರಿಗಳು. ಇನ್ನೊಂದು ಬಗೆಯವು ಸ್ಥಳದಲ್ಲಿಯೇ ನೆಲಸಿದವು. ನೆಲಸಿದವು ರಾಸಾಯನಿಕ ಕರೆಯೊಂದನ್ನು ಹೊರಡಿಸುತ್ತವೆ. ಬಂದು ಕೂಡಿದ ಅಲೆಮಾರಿಗಳು ತಮ್ಮ ಮೈಮೇಲಿನ ಲಿಂಫೊಟಾಕ್ಸಿನ್ ಎಂಬ ದ್ರವ್ಯದಿಂದ ಅವನ್ನು ಪ್ರಚೋದಿಸುತ್ತವೆ. ಕರೆ ಇನ್ನೂ ಬಲವಾಗಿ, ಬಂದವು ಅಲ್ಲಿಯೇ ಅಂಟಿ ನಿಲ್ಲುವಂತಾಗುತ್ತದೆ. ಹೀಗೆ ಗುಂಪು ಕಟ್ಟಿ ಗಂಟಾಗುತ್ತದೆ. ಆ ದ್ರವ್ಯವಿಲ್ಲದ ಇಲಿಗಳಲ್ಲಿ ಗ್ರಂಥಿಗಳು ಬಹುತೇಕ ಇಲ್ಲವೇ ಇಲ್ಲವೆಂಬುದು 1994ರಲ್ಲಿ ಗೊತ್ತಾಯಿತು. ಅದರ ಕೆಲಸವನ್ನು ಮಾಡಬಲ್ಲ ಬದಲಿ ಪದಾರ್ಥವನ್ನು ಗರ್ಭದಲ್ಲಿರುವಾಗಲೇ ಕೊಟ್ಟರೆ ಗ್ರಂಥಿ ಮೂಡುವುದು. ಬೆಳೆದ ಮೇಲೆ ಕೊಟ್ಟರೆ ಫಲವಿಲ್ಲ. ಸಂವಾದಕ್ಕೆ ಮುಹೂರ್ತವುಂಟು, ಅದು ಕಳೆದರೆ ಮರಳದು.

ಮೊದಲ ಕರೆಯನ್ನು ಎಬ್ಬಿಸುವುದು ಎ ಜೀವಸತ್ತ್ವದಿಂದಾಗುವ ರೆಟಿನೋಯಿಕ್ ಆಮ್ಲ. ಈ ಜೀವಸತ್ತ್ವ ಭ್ರೂಣಕ್ಕೆ ತಾಯಿಯಿಂದಲೇ ಬರಬೇಕು. ಗರ್ಭಿಣಿ ಇಲಿಗಳ ಆಹಾರದಲ್ಲಿ ಅದರ ಕೊರತೆಯಾದರೆ ಮರಿಗಳ ದುಗ್ಧಗ್ರಂಥಿಗಳು ದೊಡ್ಡವಾದ ಮೇಲೆಯೂ ಕಿರಿದಾಗಿಯೇ ಉಳಿದು, ವೈರಸ್ ರೋಗವನ್ನೆದುರಿಸುವ ಶಕ್ತಿ ಕುಂದುವುದೆಂದು 2014ರಲ್ಲಿ ಪ್ರಕಟವಾದ ಸಂಶೋಧನೆ ತೋರಿಸಿದೆ.