ಹಾಸಿನಲ್ಲಿ ಕೂದಲು, ಹೊಕ್ಕಿನಲ್ಲಿ ತುಪ್ಪಳ

ಮಧ್ಯಯುಗದ ಯುರೋಪಿನಿಂದ ಇಡಿಯಾಗಿ ಉಳಿದುಬಂದ ಉಡುಪುಗಳು ಕಡಿಮೆ. ಉಳಿದವೂ ಬಹುಪಾಲು ರಾಜರವು ಇಲ್ಲವೇ ಸಂತರವು. ಹೊಲ ಉತ್ತವರು, ಕುರಿ ಕಾಯ್ದವರು ಏನು ತೊಡುತ್ತಿದ್ದರು ಎಂದು ತಿಳಿಯಬೇಕಾದರೆ ಹಳೆಯ ಚಿತ್ರಗಳನ್ನೇ ನಂಬಬೇಕು, ಆದರೆ ಚಿತ್ರದಲ್ಲಿ ಹೊಲಿಗೆ ಕಾಣುವುದಿಲ್ಲ. ಈ ಕೊರತೆಯನ್ನು ಬಹುಮಟ್ಟಿಗೆ ತುಂಬಿಕೊಟ್ಟದ್ದು ಗ್ರೀನ್‌ಲ್ಯಾಂಡಿನ ದಕ್ಷಿಣ ತುದಿಯಲ್ಲಿರುವ ಒಂದು ಸ್ಮಶಾನ.

ಆ ಸ್ಮಶಾನವಿರುವ ಊರಿನ ಹೆಸರು ಹೆರ್ಯೋಲ್ಫ್ಸ್‌ನೆಸ್. ಸುಮಾರು 985ರ ಹೊತ್ತಿಗೆ ಐಸ್‌ಲ್ಯಾಂಡಿನಿಂದ ಕುರಿ, ದನಗಳ ಸಮೇತ ವಲಸೆ ಬಂದ ನಾರ್ಸ್ ರೈತರು ಗ್ರೀನ್‌ಲ್ಯಾಂಡಿನಲ್ಲಿ ನಾಲ್ಕು ಶತಮಾನಕ್ಕೂ ಹೆಚ್ಚು ಕಾಲ ಬಾಳಿದರು. ಅವರ ಬಗ್ಗೆ ಸಿಗುವ ಕೊನೆಯ ಲಿಖಿತ ಸುದ್ದಿ 1408ರಲ್ಲಿ ಹ್ವಾಲ್ಸೆ ಚರ್ಚಿನಲ್ಲಿ ನಡೆದ ಒಂದು ಮದುವೆಯದು. ಆಮೇಲೆ ಅವರು ಚರಿತ್ರೆಯಿಂದ ಮರೆಯಾದರು. ಹೆರ್ಯೋಲ್ಫ್ಸ್‌ನೆಸ್‌ನ ಚರ್ಚಿನ ಸ್ಮಶಾನವನ್ನು ಕಡಲು ಕೊರೆದು ತಿನ್ನುತ್ತಿತ್ತು. 1921ರಲ್ಲಿ ಡೆನ್ಮಾರ್ಕಿನ ರಾಷ್ಟ್ರೀಯ ವಸ್ತುಸಂಗ್ರಹಾಲಯದ ಪರವಾಗಿ ಪೌಲ್ ನೋರ್ಲುಂಡ್ ಅಲ್ಲಿ ಅಗೆದರು. ಮರ ದುರ್ಲಭವಾದ ನಾಡು ಅದು. ಎಲ್ಲರಿಗೂ ಶವಪೆಟ್ಟಿಗೆ ಸಿಗುತ್ತಿರಲಿಲ್ಲ. ಸತ್ತವರನ್ನು ಹಳೆಯ ಉಡುಪುಗಳಲ್ಲೇ ಸುತ್ತಿ ಮಣ್ಣು ಮಾಡಿದ್ದರು. ಹೆಪ್ಪುಗಟ್ಟಿದ ನೆಲ ಆ ಬಟ್ಟೆಗಳನ್ನು ಕಾಪಾಡಿತ್ತು. ನಿಲುವಂಗಿಗಳು, ಉದ್ದ ಬಾಲದ ಕುಲಾವಿಗಳು, ಕಾಲುಚೀಲಗಳು ಮಣ್ಣಿನಿಂದ ಮೇಲೆದ್ದು ಬಂದವು. ಗಿಡಗಳ ಬೇರು ಅವುಗಳ ಒಳಗೇ ಹಾದು ಬೆಳೆದಿದ್ದವು.

ಈ ಉಡುಪುಗಳನ್ನು ಮತ್ತೆ ಹೊಲಿಯಬೇಕೆನ್ನುವವರಿಗೆ ಇವತ್ತು ದಾರಿ ಸುಲಭವಾಗಿದೆ. ಅದೇ ಸಂಗ್ರಹಾಲಯದ ಜವಳಿ ಸಂರಕ್ಷಕಿ ಎಲ್ಸೆ ಓಸ್ಟರ್‌ಗೋರ್ ಎಳೆ ಎಳೆಯಾಗಿ ಅಧ್ಯಯನ ಮಾಡಿ 2004ರಲ್ಲಿ ಒಂದು ದೊಡ್ಡ ಗ್ರಂಥ ತಂದರು. 2011ರಲ್ಲಿ ಲಿಲ್ಲಿ ಫ್ರಾನ್ಸೆನ್ ಮತ್ತು ಆನಾ ನೋರ್ಗೋರ್ ಜೊತೆ ಸೇರಿ ಕಟಿಂಗ್ ನಕ್ಷೆಗಳ ಪುಸ್ತಕವನ್ನೂ ಹೊರತಂದರು. ಅಳತೆ, ತುಂಡುಗಳ ಆಕಾರ, ಹೊಲಿಗೆಯ ಬಗೆ ಎಲ್ಲವೂ ಅದರಲ್ಲಿದೆ. ಆದರೂ ನಕ್ಷೆಯನ್ನು ಚಾಚೂ ತಪ್ಪದೆ ಅನುಸರಿಸಿ ಹೊಲಿದ ನಿಲುವಂಗಿ ಎಷ್ಟೋ ಸಲ ನಾಟಕದ ವೇಷದಂತೆ ಕಾಣುತ್ತದೆ. ಕಾರಣ ಬಟ್ಟೆ. ಆ ನಕ್ಷೆ ಒಂದು ನಿರ್ದಿಷ್ಟ ಬಟ್ಟೆಗೆಂದು ಹುಟ್ಟಿದ್ದು. ಬಟ್ಟೆ ಬದಲಾದರೆ ಅದೇ ನಕ್ಷೆ ಬೇರೆ ಉಡುಪನ್ನು ಕೊಡುತ್ತದೆ. ಹಾಗಾಗಿ ಕತ್ತರಿ ಹಿಡಿಯುವ ಮೊದಲು ಎಳೆಯನ್ನು ನೋಡಬೇಕು ಎಂಬುದು ನನ್ನ ಗಟ್ಟಿ ನಂಬಿಕೆ.

ನಾರ್ಸ್ ಜನ ಸಾಕಿದ್ದು ಉತ್ತರ ಯುರೋಪಿನ ಗಿಡ್ಡಬಾಲದ ಕುರಿ. ಅದರ ಮೈಮೇಲೆ ಎರಡು ಪದರ. ಹೊರಗೆ ಉದ್ದನೆಯ, ಒರಟಾದ, ಮಿರುಗುವ ಕೂದಲು; ಅದಕ್ಕೆ ಐಸ್‌ಲ್ಯಾಂಡಿನವರು ಇಂದಿಗೂ ಟೋಗ್ ಎನ್ನುತ್ತಾರೆ. ಒಳಗೆ ಗಿಡ್ಡನೆಯ, ಮೆತ್ತನೆಯ ತುಪ್ಪಳ, ಅದು ಥೆಲ್. ಗ್ರೀನ್‌ಲ್ಯಾಂಡಿನ ಹೆಂಗಸರು ಇವೆರಡನ್ನೂ ಬೇರ್ಪಡಿಸಿ ನೂಲುತ್ತಿದ್ದರು. ಕೂದಲನ್ನು ಬಿಗಿ ಹುರಿ ಕೊಟ್ಟು ಉದ್ದೆಳೆಗೆ, ಅಂದರೆ ಹಾಸಿಗೆ, ನೂತರು; ತುಪ್ಪಳವನ್ನು ಸಡಿಲ ಹುರಿಯಲ್ಲಿ ಅಡ್ಡೆಳೆಗೆ, ಅಂದರೆ ಹೊಕ್ಕಿಗೆ, ನೂತರು. ಅವರ ಮಗ್ಗ ನಿಂತ ಮಗ್ಗ. ಹಾಸಿನ ಎಳೆಗಳು ಮೇಲಿನಿಂದ ಇಳಿಬಿದ್ದು, ಕೆಳಗೆ ಕಟ್ಟಿದ ಕಲ್ಲುಗಳ ಭಾರಕ್ಕೆ ಬಿಗಿಯಾಗಿ ನಿಲ್ಲುತ್ತಿದ್ದವು. ಕಲ್ಲಿನ ಭಾರವನ್ನೂ ತಿಕ್ಕಾಟವನ್ನೂ ತಡೆಯಲು ಕೂದಲಿನ ದಾರವೇ ಬೇಕು. ಹೊಕ್ಕಿಗೆ ಆ ಕಷ್ಟವಿಲ್ಲ, ಅದರ ಕೆಲಸ ಗಾಳಿಯನ್ನು ಹಿಡಿದಿಟ್ಟು ಬೆಚ್ಚಗಿಡುವುದು.

ಹುರಿಯ ದಿಕ್ಕಿನಲ್ಲೂ ಒಂದು ಜಾಣ್ಮೆಯಿದೆ. ಹಾಸಿನ ದಾರವನ್ನು ಒಂದು ದಿಕ್ಕಿಗೆ ತಿರುಚಿದರೆ ಹೊಕ್ಕನ್ನು ಎದುರು ದಿಕ್ಕಿಗೆ ತಿರುಚುತ್ತಿದ್ದರು. ಎರಡಕ್ಕೂ ಒಂದೇ ದಿಕ್ಕಿನ ಹುರಿಯಿದ್ದರೆ ದಾರಗಳು ಒಂದರ ಮೇಲೊಂದು ಹಾಯುವ ಜಾಗದಲ್ಲಿ ನಾರುಗಳು ಸಮಾನಾಂತರವಾಗಿ ಬಂದು ಒಂದರೊಳಗೊಂದು ಕೂರುತ್ತವೆ, ಬಟ್ಟೆ ತೆಳ್ಳಗೆ ಬಿಗಿಯಾಗುತ್ತದೆ. ಎದುರು ದಿಕ್ಕಿನ ಹುರಿಯಿದ್ದರೆ ನಾರುಗಳು ಅಲ್ಲಿ ಅಡ್ಡಡ್ಡ ಬೀಳುತ್ತವೆ, ದಾರಗಳು ತುಸು ದೂರವೇ ನಿಲ್ಲುತ್ತವೆ. ಬಟ್ಟೆ ಉಬ್ಬಿ, ಒಳಗೆ ಹೆಚ್ಚು ಗಾಳಿ ಉಳಿಯುತ್ತದೆ. ಅಷ್ಟೇ ಅಲ್ಲ, ಮೇಲ್ಮೈಯಲ್ಲಿ ಹಾಸು ಮತ್ತು ಹೊಕ್ಕಿನ ನಾರುಗಳು ಒಂದೇ ಕಡೆಗೆ ವಾಲಿರುವುದರಿಂದ ಬೆಳಕು ಒಂದೇ ಹದದಲ್ಲಿ ಪ್ರತಿಫಲಿಸುತ್ತದೆ.

ನೇಯ್ಗೆ ಬಹುಪಾಲು ಟ್ವಿಲ್: ಪ್ರತಿ ಎಳೆ ಎರಡರ ಮೇಲೆ, ಎರಡರ ಕೆಳಗೆ. ನಮ್ಮ ಜೀನ್ಸ್ ಬಟ್ಟೆಯಲ್ಲಿ ಕಾಣುವ ಓರೆಗೆರೆ ಇದರಲ್ಲೂ ಇದೆ. ಸಾದಾ ನೇಯ್ಗೆಗಿಂತ ಇದರಲ್ಲಿ ಎಳೆಗಳು ಒಂದನ್ನೊಂದು ಕಟ್ಟಿಹಾಕುವ ಜಾಗಗಳು ಕಡಿಮೆ. ಅದರಿಂದ ಅಷ್ಟೇ ಅಗಲದಲ್ಲಿ ಹೆಚ್ಚು ಎಳೆ ಹಿಡಿಸುತ್ತವೆ, ಅವು ಸಲೀಸಾಗಿ ಸರಿದಾಡುತ್ತವೆ ಕೂಡ. ದಪ್ಪಗಿದ್ದೂ ಮೆತ್ತಗೆ ಇಳಿಬೀಳುವುದು ಇದರ ಗುಣ. 14ನೇ ಶತಮಾನದಲ್ಲಿ ಹವೆ ತಂಪಾಗುತ್ತ ಹೋದಾಗ ಗ್ರೀನ್‌ಲ್ಯಾಂಡಿನ ಬಟ್ಟೆಗಳಲ್ಲಿ ಹಾಸಿಗಿಂತ ಹೊಕ್ಕಿನ ಎಳೆಗಳೇ ಹೆಚ್ಚಾದವು. ಚಳಿಗೆ ಉತ್ತರವಾಗಿ ನೇಕಾರ್ತಿಯರು ಬೇಕೆಂದೇ ತುಪ್ಪಳದ ಎಳೆಗಳನ್ನು ಹೆಚ್ಚಿಸಿದರು ಎಂದು ಪುರಾತತ್ವಜ್ಞೆ ಮಿಶೆಲ್ ಹೇಯರ್ ಸ್ಮಿತ್ ವಾದಿಸುತ್ತಾರೆ. ಹವಾಮಾನದ ಚರಿತ್ರೆ ಸೆಂಟಿಮೀಟರಿಗೆ ಎಷ್ಟು ಎಳೆ ಎಂಬ ಎಣಿಕೆಯಲ್ಲಿ ದಾಖಲಾಗಿದೆ ಎಂಬುದು ನನಗೆ ಈ ಇಡೀ ಸಂಶೋಧನೆಯಲ್ಲೇ ಅತ್ಯಂತ ಪ್ರಿಯವಾದ ಸಂಗತಿ.

ಇನ್ನು ಅಂಗಡಿಗೆ ಹೋದರೆ ಏನು ಸಿಗುತ್ತದೆ? ಸೂಟಿನ ಉಣ್ಣೆಬಟ್ಟೆ ಸಾಮಾನ್ಯವಾಗಿ ಮೆರಿನೊ ಕುರಿಯದು. ಅದರಲ್ಲಿ ಕೂದಲಿನ ಪದರವೇ ಇಲ್ಲ. ನವಿರಾದ ನಾರು, ಹಬೆಯಲ್ಲಿ ಒತ್ತಿ ನುಣುಪು ಮಾಡಿದ ಮೇಲ್ಮೈ. ಅದರಲ್ಲಿ ನಿಲುವಂಗಿ ಹೊಲಿದರೆ ನೀರಿನಂತೆ ಜಾರುತ್ತದೆ, ಮಡಿಕೆಗಳು ನಿಲ್ಲುವುದಿಲ್ಲ. ಇನ್ನೊಂದು ತುದಿಯಲ್ಲಿ ನಮ್ಮ ಕುರುಬರ ಕಂಬಳಿ. ದಕ್ಖನಿ ಕುರಿಯ ಒರಟು ಉಣ್ಣೆ ಮಳೆಗೆ ಜಗ್ಗುವುದಿಲ್ಲ. ಮಲೆನಾಡಿನಲ್ಲಿ ಅದನ್ನು ಕತ್ತರಿಸದೆಯೇ ಮಡಿಸಿ ಕೊಪ್ಪೆ ಮಾಡಿಕೊಂಡು ಗದ್ದೆಗಿಳಿಯುತ್ತಾರೆ. ಹೆರ್ಯೋಲ್ಫ್ಸ್‌ನೆಸ್‌ನ ಕುಲಾವಿ ಮಾಡುವ ಕೆಲಸವೂ ಅದೇ, ತಲೆ ಮತ್ತು ಹೆಗಲನ್ನು ಒಟ್ಟಿಗೆ ಮುಚ್ಚುವುದು. ಆದರೆ ಕಂಬಳಿ ತೋಳು, ಕಂಕುಳುಗಳ ಹೊಲಿಗೆಗೆ ಬಗ್ಗದಷ್ಟು ಗಡಸು. ನಮಗೆ ಬೇಕಾದದ್ದು ಇವೆರಡರ ನಡುವಿನ ಬಟ್ಟೆ.

ಆ ನಡುವನ್ನು ಅಂದಾಜಿನಲ್ಲಿ ಹುಡುಕಬೇಕಾಗಿಲ್ಲ. 1930ರಲ್ಲಿ ಇಂಗ್ಲೆಂಡಿನ ಜವಳಿ ವಿಜ್ಞಾನಿ ಎಫ್. ಟಿ. ಪಿಯರ್ಸ್, ಬಟ್ಟೆಯ ಮೃದುತ್ವವನ್ನು ಬೆರಳಲ್ಲಿ ಮುಟ್ಟಿ ಹೇಳುವ ಬದಲು ಅಳೆಯುವ ದಾರಿ ತೋರಿಸಿದರು. ಮನೆಯಲ್ಲೇ ಮಾಡಬಹುದು. ಒಂದು ರಟ್ಟನ್ನು ಮೇಜಿನ ಅಂಚಿಗೆ ಹೊಂದಿಸಿ, ಅಡ್ಡಗೆರೆಯಿಂದ 41.5 ಡಿಗ್ರಿ ಕೆಳಗೆ ಇಳಿಯುವ ಇಳಿಜಾರು ಮಾಡಿಕೊಳ್ಳಿ. ಬಟ್ಟೆಯಿಂದ 2.5 ಸೆಂ.ಮೀ. ಅಗಲದ ಪಟ್ಟಿ ಕತ್ತರಿಸಿ ಮೇಜಿನ ಮೇಲಿಟ್ಟು, ಮೇಲೊಂದು ಅಳತೆಪಟ್ಟಿ ಇಟ್ಟು, ನಿಧಾನವಾಗಿ ಅಂಚಿನಿಂದಾಚೆ ತಳ್ಳಿ. ಪಟ್ಟಿ ತನ್ನ ಭಾರಕ್ಕೇ ಬಾಗುತ್ತ ಹೋಗಿ ತುದಿ ಇಳಿಜಾರನ್ನು ಮುಟ್ಟಿದಾಗ ನಿಲ್ಲಿಸಿ. ಹೊರಗೆ ಚಾಚಿದ ಉದ್ದದ ಅರ್ಧವೇ ಆ ಬಟ್ಟೆಯ ಬಾಗುದ್ದ. ಬಟ್ಟೆಯ ಗಡಸುತನವೆಂದರೆ ಅದರ ತೂಕವನ್ನು ಈ ಬಾಗುದ್ದದ ಘನದಿಂದ ಗುಣಿಸಿದಷ್ಟು. ಅಂದರೆ ಒಂದೇ ತೂಕದ ಎರಡು ಬಟ್ಟೆಗಳಲ್ಲಿ ಒಂದರ ಬಾಗುದ್ದ ಇನ್ನೊಂದರ ಎರಡರಷ್ಟಿದ್ದರೆ ಅದು ಎಂಟು ಪಟ್ಟು ಗಡಸು. ಹಾಸಿನುದ್ದಕ್ಕೆ ಒಂದು ಪಟ್ಟಿ, ಹೊಕ್ಕಿನುದ್ದಕ್ಕೆ ಒಂದು ಪಟ್ಟಿ ಬೇರೆ ಬೇರೆಯಾಗಿ ಅಳೆಯಿರಿ. ಹಾಸು ಗಡಸಾಗಿದ್ದು ಹೊಕ್ಕು ಮೆತ್ತಗಿರುವ ಬಟ್ಟೆ ಸಿಕ್ಕಿದರೆ ಬಿಡಬೇಡಿ.

ಉಣ್ಣೆಯೆಂದು ಮಾರುವುದೆಲ್ಲ ಉಣ್ಣೆಯಲ್ಲ. ಟೆರಿವುಲ್ ಎಂಬುದರಲ್ಲಿ ಪಾಲಿಯೆಸ್ಟರ್ ಬೆರೆತಿರುತ್ತದೆ. ಅಂಚಿನಿಂದ ನಾಲ್ಕು ಎಳೆ ಕಿತ್ತು ಇಕ್ಕಳದಲ್ಲಿ ಹಿಡಿದು ಸುಟ್ಟು ನೋಡಿ. ಉಣ್ಣೆಯಾದರೆ ಕೂದಲು ಸುಟ್ಟ ವಾಸನೆ ಬರುತ್ತದೆ, ಉಳಿದ ಕರಿ ಬೆರಳಲ್ಲಿ ಪುಡಿಯಾಗುತ್ತದೆ. ಪಾಲಿಯೆಸ್ಟರ್ ಇದ್ದರೆ ಕರಗಿ ಗಟ್ಟಿ ಮಣಿಯಾಗುತ್ತದೆ. ಸಾಧಾರಣ ತೇವದ ಗಾಳಿಯಲ್ಲಿ ಉಣ್ಣೆ ತನ್ನ ಒಣ ತೂಕದ ಸುಮಾರು ಶೇಕಡಾ 16ರಷ್ಟು ನೀರನ್ನು ಹೀರಿಕೊಂಡಿರುತ್ತದೆ, ಹತ್ತಿ ಶೇಕಡಾ 7–8, ಪಾಲಿಯೆಸ್ಟರ್ ಬರೀ 0.4. ಹೀರುವಾಗ ಉಣ್ಣೆ ಶಾಖವನ್ನೂ ಬಿಡುತ್ತದೆ. ಬೆಚ್ಚಗಿನ ಮನೆಯಿಂದ ತೇವದ ಚಳಿಗೆ ಕಾಲಿಟ್ಟ ರೈತನಿಗೆ ಆ ಶಾಖ ನಿಜವಾದ ಆಸರೆ. ನಮ್ಮ ಚಾರಿತ್ರಿಕ ಸಿನಿಮಾ, ನಾಟಕಗಳ ಉಡುಪಿನಲ್ಲಿ ಬಣ್ಣಕ್ಕೂ ಕಸೂತಿಗೂ ಸಿಗುವ ಗಮನದ ಕಾಲುಭಾಗ ನಾರಿಗೆ ಸಿಕ್ಕಿದ್ದರೂ ನಟರು ಅಷ್ಟು ಬೆವರಬೇಕಾಗಿರಲಿಲ್ಲ.

ಬಟ್ಟೆ ಸಿಕ್ಕಿತು. ಕತ್ತರಿಸುವ ಮೊದಲು ಅದನ್ನು ನೆನೆಸಿ ಒಣಗಿಸಲೇಬೇಕು. ಉಣ್ಣೆಯ ನಾರಿನ ಮೇಲೆ ಹಂಚಿನಂತೆ ಜೋಡಿಸಿದ ಹೊಪ್ಪಳೆಗಳಿವೆ. ನಾರು ಒಂದು ದಿಕ್ಕಿಗೆ ಸುಲಭವಾಗಿ ಜಾರುತ್ತದೆ, ಹಿಂದಕ್ಕೆ ಬರುವಾಗ ಸಿಕ್ಕಿಕೊಳ್ಳುತ್ತದೆ. ಬಿಸಿನೀರು, ಸೋಪು, ಉಜ್ಜಾಟ ಸೇರಿದರೆ ಬಟ್ಟೆ ಕುಗ್ಗಿ ದಪ್ಪಗಾಗುತ್ತದೆ. ಹೊಲಿದ ಮೇಲೆ ಇದು ಆದರೆ ತೋಳು ಮೊಣಕೈಗೆ ಬಂದು ನಿಲ್ಲುತ್ತದೆ.

ಕಟಿಂಗ್‌ನ ಗುಟ್ಟು ಅರಿಯಲು ಒಂದು ಲೆಕ್ಕ ಸಾಕು. ಸೆಂಟಿಮೀಟರಿಗೆ ಹಾಸಿನಲ್ಲಿ 10, ಹೊಕ್ಕಿನಲ್ಲಿ 10 ಎಳೆಯಿದ್ದರೆ ಒಂದು ಚದರ ಮೀಟರ್ ಬಟ್ಟೆಗೆ 2 ಕಿಲೋಮೀಟರ್ ನೂಲು ಬೇಕು. ಅಷ್ಟನ್ನೂ ಕದಿರಿನಲ್ಲಿ ಕೈಯಿಂದ ನೂಲಬೇಕು. ಇಂಥ ಬಟ್ಟೆಯಲ್ಲಿ ಯಾರೂ ಚೂರನ್ನು ಎಸೆಯುವುದಿಲ್ಲ. ಅದಕ್ಕೇ ಈ ನಿಲುವಂಗಿಗಳಲ್ಲಿ ಅಷ್ಟೊಂದು ಕಲಿಗಳು, ಅಂದರೆ ತ್ರಿಕೋನದ ತುಂಡುಗಳು. ಆಯತವೊಂದನ್ನು ಮೂಲೆಯಿಂದ ಮೂಲೆಗೆ ಕತ್ತರಿಸಿದರೆ ಎರಡು ಕಲಿ ಸಿಗುತ್ತವೆ, ಚೂರೂ ಉಳಿಯುವುದಿಲ್ಲ. ಮುಂದೆ, ಹಿಂದೆ, ಎರಡೂ ಬದಿಗೆ ಅವನ್ನು ಸೇರಿಸಿದಾಗ ಭುಜದಲ್ಲಿ ಮೈಗೊತ್ತಿ ನಿಂತ ಅಂಗಿ ಸೊಂಟದಿಂದ ಕೆಳಗೆ ಅಗಲವಾಗಿ ಹರಡಿಕೊಳ್ಳುತ್ತದೆ.

ಕಲಿಯ ಒಂದು ಅಂಚು ಹಾಸಿನ ನೇರಕ್ಕೆ ಇರುತ್ತದೆ, ಇನ್ನೊಂದು ಓರೆಗೆ. ದರ್ಜಿಗಳು ಕ್ರಾಸ್ ಎನ್ನುವ ಈ ಓರೆ ಅಂಚು ಎಳೆದರೆ ಹಿಗ್ಗುತ್ತದೆ, ಏಕೆಂದರೆ ಎಳೆಗಳು ಹಿಗ್ಗದಿದ್ದರೂ ಅವುಗಳ ನಡುವಿನ ಚೌಕಗಳು ವಾಲಿ ಉದ್ದವಾಗುತ್ತವೆ. ಟ್ವಿಲ್‌ನಲ್ಲಿ ಎಳೆಗಳು ಸಲೀಸಾಗಿ ಸರಿಯುವುದರಿಂದ ಇದು ಇನ್ನೂ ಹೆಚ್ಚು. ಎರಡು ಓರೆ ಅಂಚುಗಳನ್ನು ಒಂದಕ್ಕೊಂದು ಹೊಲಿದರೆ ಆ ಹೊಲಿಗೆ ದಿನ ಕಳೆದಂತೆ ಜೋತುಬೀಳುತ್ತದೆ. ಓರೆಯನ್ನು ನೇರ ಅಂಚಿಗೆ ಹೊಲಿದರೆ ನೇರ ಅಂಚು ಅದನ್ನು ಹಿಡಿದು ನಿಲ್ಲಿಸುತ್ತದೆ. ಕಲಿ ಯಾವ ಬದಿಗೆ ತಿರುಗಬೇಕು ಎಂಬುದನ್ನು ಕತ್ತರಿಸುವ ಮೊದಲೇ ಗುರುತು ಹಾಕಿಕೊಳ್ಳಿ.

ತೋಳಿನ ವಿಷಯ ಇನ್ನೂ ಸೊಗಸು. ಕೈ ಆಡಲು ಸಡಿಲ ಬೇಕೆಂದು ಕಂಕುಳನ್ನು ಕೆಳಗಿಳಿಸುವುದು ಹೊಸಬರ ರೂಢಿ. ಅದು ತಿರುಗುಮುರುಗು ಕೆಲಸ. ಕೈ ತಿರುಗುವುದು ಭುಜದ ಕೀಲಿನ ಸುತ್ತ. ತೋಳು ಮತ್ತು ಮೈ ಸೇರುವ ಹೊಲಿಗೆ ಕೀಲಿನಿಂದ ದೂರವಾದಷ್ಟೂ ಕೈ ಎತ್ತಿದಾಗ ಅದು ಹೆಚ್ಚು ದೂರ ಸರಿಯಬೇಕಾಗುತ್ತದೆ, ಜೊತೆಗೆ ಇಡೀ ಅಂಗಿಯನ್ನು ಮೇಲಕ್ಕೆ ಎಳೆಯುತ್ತದೆ. ಹೊಲಿಗೆ ಕಂಕುಳಿಗೆ ಹತ್ತಿರ, ಮೇಲೆಯೇ ಇದ್ದರೆ ಅಂಗಿ ಅಲುಗುವುದಿಲ್ಲ, ಕೈ ಮಾತ್ರ ಮೇಲೇಳುತ್ತದೆ. ಹೆರ್ಯೋಲ್ಫ್ಸ್‌ನೆಸ್‌ನ ಹೊಲಿಗೆಯವರಿಗೆ ಇದು ಚೆನ್ನಾಗಿ ಗೊತ್ತಿತ್ತು. ಅವರ ತೋಳಿನ ಮೇಲಂಚು ಅಲೆಯಂತೆ ಬಳುಕಿದೆ, ತೋಳಿನ ಹೊಲಿಗೆ ಕೈಯ ಹಿಂಬದಿಗೆ ಬರುತ್ತದೆ, ಕೆಲವು ತೋಳುಗಳಲ್ಲಿ ಅಲ್ಲಿಯೇ ಒಂದು ಪುಟ್ಟ ಕಲಿಯನ್ನೂ ಸೇರಿಸಿದ್ದಾರೆ. ಹುಲ್ಲು ಕೊಯ್ಯುವಾಗ, ಹುಟ್ಟು ಹಾಕುವಾಗ ಕೈ ಮುಂದಕ್ಕೆ ಚಾಚುತ್ತದೆ, ಬೆನ್ನು ಅಗಲವಾಗುತ್ತದೆ. ಸಡಿಲ ಬೇಕಾದದ್ದು ಹಿಂದೆಯೇ.

ಮೊದಲು ಕೋರಾ ಬಟ್ಟೆಯಲ್ಲಿ ಒಂದು ಪ್ರತಿ ಹೊಲಿದು ತೊಟ್ಟು ನೋಡುವುದು ಒಳ್ಳೆಯದು, ಒಳಗೆ ತೊಡುವ ಅಂಗಿಯ ಮೇಲೆಯೇ ನೋಡಿ. ಕೈ ಮುಂದೆ ಚಾಚಿ, ತಲೆಯ ಮೇಲೆತ್ತಿ, ಕುಕ್ಕರುಗಾಲಲ್ಲಿ ಕೂತು ಪರೀಕ್ಷಿಸಿ. ಆದರೆ ಸಾದಾ ನೇಯ್ಗೆಯ ಹತ್ತಿ ಟ್ವಿಲ್ ಉಣ್ಣೆಯಂತೆ ವಾಲುವುದಿಲ್ಲ. ಕೋರಾ ಪ್ರತಿ ಕಂಕುಳು, ಭುಜ, ಉದ್ದಗಳ ಬಗ್ಗೆ ನಿಜ ಹೇಳುತ್ತದೆ, ನಿರಿಗೆಗಳ ಬಗ್ಗೆ ಹೇಳುವುದಿಲ್ಲ. ಹಳೆಯ ಉಣ್ಣೆ ಹೊದಿಕೆಯೊಂದು ಸಿಕ್ಕಿದರೆ ಅದು ಇನ್ನೂ ವಾಸಿ.

ಕಣ್ಣಿಗೆ ಕಂಡದ್ದನ್ನು ಎಷ್ಟರಮಟ್ಟಿಗೆ ನಂಬಬೇಕು ಎಂಬುದಕ್ಕೆ ಇಲ್ಲಿ ಆ ಸ್ಮಶಾನದಲ್ಲೇ ಸಿಕ್ಕ ಒಂದು ಎತ್ತರದ ಟೋಪಿಯ ಕಥೆ ಹೇಳಬೇಕು. ಅದರ ಆಕಾರ ಬರ್ಗಂಡಿಯ ಫ್ಯಾಷನ್ನನ್ನು ಹೋಲುತ್ತದೆಂದು ನೋರ್ಲುಂಡ್ ಅದನ್ನು 15ನೇ ಶತಮಾನದ ಕೊನೆಯ ಭಾಗಕ್ಕೆ ಸೇರಿಸಿದ್ದರು. ಅದರಿಂದಲೇ ವಸಾಹತು ಅಲ್ಲಿಯವರೆಗೂ ಬದುಕಿತ್ತು, ಯುರೋಪಿನ ಹಡಗುಗಳು ಬರುತ್ತಿದ್ದವು ಎಂಬ ತೀರ್ಮಾನವೂ ಹುಟ್ಟಿತ್ತು. ಮುಂದೆ ರೇಡಿಯೊ ಕಾರ್ಬನ್ ಪರೀಕ್ಷೆ ಮಾಡಿದಾಗ ಟೋಪಿ ಅದಕ್ಕಿಂತ ಹಳೆಯದೆಂದು ತಿಳಿಯಿತು. ಬಣ್ಣವೂ ಹಾಗೆಯೇ. ಈಗ ಎಲ್ಲವೂ ಕಡುಗಂದು. ಅದು ಬಹುಮಟ್ಟಿಗೆ ಮಣ್ಣಿನ ಬಣ್ಣ. ಪ್ರಯೋಗಾಲಯದಲ್ಲಿ ನೋಡಿದಾಗ ಕೆಲವುಗಳಲ್ಲಿ ಕಲ್ಲುಹೂವಿನ ನೇರಳೆ, ಒಗರು ತೊಗಟೆಯ ಬಣ್ಣಗಳು ಸಿಕ್ಕವು. ಪ್ರತಿಕೃತಿಗೆ ಸಂಗ್ರಹಾಲಯದ ಕಂದುಬಣ್ಣವನ್ನೇ ನಕಲು ಮಾಡಿದರೆ ನಾವು ತೊಡುವುದು ಸ್ಮಶಾನದ ಬಣ್ಣವನ್ನು.

ಹೊಲಿಯಲು ಉಣ್ಣೆಯ ದಾರವೇ ಇರಲಿ. ಪಾಲಿಯೆಸ್ಟರ್ ದಾರ ಬಟ್ಟೆಗಿಂತ ಗಟ್ಟಿ, ಎಳೆತ ಬಿದ್ದಾಗ ಬಟ್ಟೆಯನ್ನೇ ಸೀಳುತ್ತದೆ. ಉಣ್ಣೆ ದಾರ ತಾನೇ ಹರಿಯುತ್ತದೆ, ಅದನ್ನು ಮತ್ತೆ ಹಾಕಬಹುದು. ಎಲ್ಲ ಕಲಿಗಳೂ ಕೂಡಿದ ಮೇಲೆ ಕೆಳಗಿನ ಅಂಚನ್ನು ಆ ದಿನವೇ ಮಡಿಸಬೇಡಿ. ಅಂಗಿಯನ್ನು ರಾತ್ರಿಯಿಡೀ ಭುಜದಿಂದ ತೂಗುಹಾಕಿ. ಓರೆ ಭಾಗಗಳು ತಮ್ಮ ಭಾರಕ್ಕೆ ಇಳಿಯುವಷ್ಟು ಇಳಿಯುತ್ತವೆ. ಬೆಳಿಗ್ಗೆ ಅದನ್ನು ತೊಟ್ಟು ನಿಂತು, ಇನ್ನೊಬ್ಬರ ಕೈಯಲ್ಲಿ ನೆಲದಿಂದ ಒಂದೇ ಎತ್ತರಕ್ಕೆ ಸುತ್ತಲೂ ಸೀಮೆಸುಣ್ಣದ ಗುರುತು ಹಾಕಿಸಿ, ಆಮೇಲೆ ಕತ್ತರಿಸಿ ಮಡಿಸಿ.