ಚಿತ್ರಶಾಲೆಯಲ್ಲಿ ನಿಶ್ಚಿತಾರ್ಥದ ಫೋಟೊ: ಮೊದಲು ಕೇಳಿ, ಆಮೇಲೆ ಸೀರೆ ಉಡಿ!

ಗಂಡು ಗೊತ್ತಾಯ್ತು, ಜಾತಕ ಕೂಡಿತು, ಛತ್ರವೂ ಸಿಕ್ಕಿತು. ಉಸ್ಸಪ್ಪಾ ಅಂತ ನೀವು ಕಾಫಿ ಲೋಟ ಹಿಡಿದು ಕೂತಿದ್ದೀರಿ. ಅಷ್ಟರಲ್ಲಿ ಮಗಳು ಮೊಬೈಲನ್ನು ನಿಮ್ಮ ಮುಖದ ಮುಂದೆ ಹಿಡಿದು, ‘ಅಮ್ಮಾ, ನಮ್ಮ ಎಂಗೇಜ್‌ಮೆಂಟ್ ಫೋಟೊನ ಮ್ಯೂಸಿಯಂ ಒಳಗೆ ತೆಗೆಸೋಣ ಅಂತಿದ್ದೀವಿ’ ಅಂತಾಳೆ. ಪೇಪರ್ ಓದುತ್ತಿದ್ದ ಯಜಮಾನರು ಕನ್ನಡಕದ ಮೇಲಿಂದ ನೋಡಿ, ‘ಮ್ಯೂಸಿಯಂ ಅಂದ್ರೆ? ವಿಶ್ವೇಶ್ವರಯ್ಯ ಮ್ಯೂಸಿಯಂನಲ್ಲಿ ಡೈನೊಸಾರ್ ಇದೆಯಲ್ಲ, ಅದರ ಮುಂದೆನಾ?’ ಅಂತ ಕೇಳುತ್ತಾರೆ. ಮಗಳ ಮುಖ ಊದಿಕೊಳ್ಳುತ್ತದೆ.

ತಡೆಯಿರಿ, ಗದರಬೇಡಿ. ಮಗಳು ಹೇಳುತ್ತಿರುವುದು ಚಿತ್ರಕಲೆಯ ಮ್ಯೂಸಿಯಂ. ಯೋಚನೆ ಅಂಥ ಕೆಟ್ಟದ್ದೇನಲ್ಲ. ಪಾರ್ಕಿನ ಬಿಸಿಲಿನಲ್ಲಿ ಹುಡುಗಿಯ ಮೇಕಪ್ ಇಳಿದು, ಹುಡುಗನ ಶರ್ಟು ಬೆವರಿ, ಸುತ್ತ ನೂರು ಜನ ನಿಂತು ನೋಡುವ ಪಾಡಿಗಿಂತ ತಣ್ಣನೆಯ ಹಜಾರ, ಬಿಳಿ ಗೋಡೆ, ಎತ್ತರದ ಕಿಟಕಿ ಎಷ್ಟೋ ಮೇಲು. ಆಷಾಢದಲ್ಲಂತೂ ಫೋಟೊಗ್ರಾಫರ್‌ಗಳು ಬಿಡುವಾಗಿರುತ್ತಾರೆ, ಹೊರಗೆ ಮಳೆ. (ಆಷಾಢದಲ್ಲಿ ಫೋಟೊ ತೆಗೆಸುವುದು ಶುಭಕಾರ್ಯದ ಲೆಕ್ಕಕ್ಕೆ ಬರುತ್ತದೋ ಇಲ್ಲವೋ ಎಂಬುದನ್ನು ನೀವೂ ನಿಮ್ಮ ಅತ್ತೆಯವರೂ ತೀರ್ಮಾನಿಸಿಕೊಳ್ಳಿ, ನಾನು ಮಧ್ಯೆ ಬರೋಲ್ಲ!)

ತೊಂದರೆ ಇರುವುದು ಬೇರೆ ಕಡೆ. ನಮ್ಮ ಮನೆಯಲ್ಲೇ ಆದದ್ದನ್ನು ಹೇಳುತ್ತೇನೆ ಕೇಳಿ.

ಬೀಗರ ಎದುರು ಆದ ಅವಮಾನ

ನನ್ನ ಅಕ್ಕನ ಮಗಳಿಗೆ ನಿಶ್ಚಿತಾರ್ಥವಾಗಿ ಮದುವೆಗೆ ಇನ್ನೂ ನಾಲ್ಕು ತಿಂಗಳಿತ್ತು. ಹುಡುಗಿಗೆ ಬಣ್ಣ, ಚಿತ್ರ ಅಂದರೆ ಪ್ರಾಣ. ಒಂದು ಚಿತ್ರಶಾಲೆಯಲ್ಲಿ ಫೋಟೊ ಎಂದು ನಿಶ್ಚಯವಾಯಿತು. ಹೆಸರು ಬೇಡ ಬಿಡಿ, ತಪ್ಪು ಅವರದ್ದಲ್ಲ. ‘ಏನಿಲ್ಲ ಮೇಡಂ, ಟಿಕೆಟ್ ತಗೊಂಡು ಒಳಗೆ ಹೋದ್ರೆ ಆಯ್ತು, ಯಾರೂ ಕೇಳೋಲ್ಲ’ ಅಂದ ಫೋಟೊಗ್ರಾಫರ್. ನಾವೂ ನಂಬಿದೆವು.

ಭಾನುವಾರ ಬೆಳಿಗ್ಗೆ ಎರಡು ಕಾರಿನಲ್ಲಿ ಮೆರವಣಿಗೆ ಹೊರಟಿತು. ಹುಡುಗ, ಹುಡುಗಿ, ಅಕ್ಕ, ಭಾವ, ಹುಡುಗನ ತಾಯಿ, ನಾನು, ಮೇಕಪ್‌ನವಳು, ಫೋಟೊಗ್ರಾಫರ್, ಅವನ ಇಬ್ಬರು ಹುಡುಗರು, ಛತ್ರಿಯಂಥ ಲೈಟು, ಸೂಟ್‌ಕೇಸ್ ತುಂಬ ಸೀರೆ. ಸಾಲದ್ದಕ್ಕೆ ಬಲೂನು ಬೇರೆ! ಬಾಗಿಲಲ್ಲಿ ಬ್ಯಾಗು ಹೊರಗಿಡಿ ಎಂದಾಗಲೇ ನಮಗೆ ಅರ್ಥವಾಗಬೇಕಿತ್ತು. ಹೇಗೋ ಒಳಗೆ ಹೋಗಿ ಎರಡು ಫೋಟೊ ಹೊಡೆಯುವಷ್ಟರಲ್ಲಿ ಕಾವಲಿನವರು ಬಂದು ನಿಲ್ಲಿಸಿದರು. ಭಾವ ಮಗಳ ಮುಖ ನೋಡಲಾರದೆ, ‘ಐದೇ ನಿಮಿಷ ಸರ್, ದಯವಿಟ್ಟು’ ಅಂತ ಕೈಮುಗಿದರು. ಯಾವತ್ತೂ ಯಾರ ಮುಂದೂ ಕೈಚಾಚದ ಮನುಷ್ಯ. ಬೀಗಿತ್ತಿ ಜಗಳವಾಡಲಿಲ್ಲ. ‘ಮೊದಲೇ ಕೇಳ್ಕೊಂಡಿರಲಿಲ್ವಾ?’ ಎಂದಷ್ಟೇ ಅಂದರು. ಆ ಒಂದು ಮಾತು ಅಕ್ಕನ ಎದೆಯಲ್ಲಿ ಮುಳ್ಳಿನಂತೆ ಉಳಿದುಬಿಟ್ಟಿತು. ಫೋಟೊಗ್ರಾಫರ್ ಅರ್ಧ ದಿನದ ಹಣ ಹಿಡಿದುಕೊಂಡ, ಅದು ಬೇರೆ ವಿಷಯ.

ಹೊರಡುವಾಗ ಅಲ್ಲಿನ ಮೇಲ್ವಿಚಾರಕಿ ಬಂದರು. ನಮ್ಮದೇ ವಯಸ್ಸಿನವರು. ಹುಡುಗಿಯ ಸೆರಗು ಮುಟ್ಟಿ, ‘ಚೆನ್ನಾಗಿದೆ. ಈ ಸೀರೇನ ಬಿಸಿಲಿಗೆ ಒಣಹಾಕ್ತೀರಾ ಮೇಡಂ?’ ಅಂತ ಅಕ್ಕನನ್ನು ಕೇಳಿದರು. ಇಲ್ಲ, ನೆರಳಿನಲ್ಲೇ ಅಂದಳು ಅಕ್ಕ. ‘ನಾವೂ ಅದನ್ನೇ ಮಾಡ್ತಿರೋದು’ ಅಂದರು ಅವರು. ಅಂಗಳದಲ್ಲಿ ಬೇಕಾದರೆ ಬರೆದುಕೊಡಿ, ವಾರದ ಮಧ್ಯೆ ಒಂದು ದಿನ ನೋಡೋಣ ಎಂದೂ ಹೇಳಿದರು.

ರೇಷ್ಮೆಯ ಲೆಕ್ಕವೇ ಚಿತ್ರಕ್ಕೂ

ಆ ಮಾತಿನ ಅರ್ಥ ನನಗೆ ತಿಳಿದದ್ದು ಆಮೇಲೆ. ಅಮ್ಮನ ಕಾಲದ ಮೈಸೂರು ಸಿಲ್ಕ್ ಸೀರೆಯನ್ನು ಕಿಟಕಿ ಪಕ್ಕದ ಗಾಜಿನ ಬೀರುವಿನಲ್ಲಿ ಇಟ್ಟವರಿಗೆ ಗೊತ್ತಿರುತ್ತದೆ, ಮಡಿಕೆಯ ಮೇಲ್ಭಾಗ ಮಾತ್ರ ಬಿಳಚಿಕೊಂಡಿರುತ್ತದೆ. ಬೆಳಕು ಬಣ್ಣವನ್ನು ತಿನ್ನುತ್ತದೆ. ಇವತ್ತು ಸ್ವಲ್ಪ, ನಾಳೆ ಸ್ವಲ್ಪ. ತಿಂದದ್ದು ಮತ್ತೆ ವಾಪಸ್ ಬರೋಲ್ಲ.

ಬೆಳಕನ್ನು ಅಳೆಯುವುದಕ್ಕೆ ಲಕ್ಸ್ ಅಂತ ಒಂದು ಅಳತೆಯಿದೆ. ಜಲವರ್ಣ, ಕಾಗದ, ರೇಷ್ಮೆ, ಹತ್ತಿ ಇವುಗಳ ಮೇಲೆ ಸುಮಾರು 50 ಲಕ್ಸ್‌ಗಿಂತ ಹೆಚ್ಚು ಬೆಳಕು ಬೀಳಬಾರದು ಎಂಬುದು ಮ್ಯೂಸಿಯಂಗಳು ಪಾಲಿಸುತ್ತಾ ಬಂದ ಲೆಕ್ಕ. ತೈಲವರ್ಣ ಸ್ವಲ್ಪ ಗಟ್ಟಿಜೀವ, 200ರ ತನಕ ತಡೆಯುತ್ತದೆ. ನೆತ್ತಿಯ ಮೇಲಿನ ಬಿಸಿಲು ಸುಮಾರು ಒಂದು ಲಕ್ಷ ಲಕ್ಸ್! ಮ್ಯೂಸಿಯಂ ಒಳಗೆ ಮಬ್ಬು ಮಬ್ಬಾಗಿ ಕಾಣುವುದು ಕರೆಂಟ್ ಬಿಲ್ ಉಳಿಸುವುದಕ್ಕಲ್ಲ, ತಿಳೀತಾ?

ಮೈಸೂರಿನ ಜಗನ್ಮೋಹನ ಅರಮನೆಯ ದೀಪ ಹಿಡಿದ ಹೆಂಗಸಿನ ಚಿತ್ರ ನಿಮ್ಮಲ್ಲಿ ಎಷ್ಟು ಜನ ನೋಡಿಲ್ಲ? ಅಂಗೈ ಮರೆಮಾಡಿದ ದೀಪದ ಬೆಳಕು ಬೆರಳುಗಳಲ್ಲಿ ಕೆಂಪಾಗಿ ಹೊಳೆಯುತ್ತದಲ್ಲ, ಅದೇ. ರವಿವರ್ಮನದು ಅಂತ ನಾವೆಲ್ಲ ಹೇಳಿಕೊಂಡು ಬಂದಿದ್ದೇವೆ. ಅದು ಎಸ್.ಎಲ್. ಹಲ್ದಣಕರ್ ಅವರ ಚಿತ್ರ. 1945-46ರ ಸುಮಾರಿನಲ್ಲಿ ತಮ್ಮ ಮಗಳು ಗೀತಾರ ಕೈಗೇ ದೀಪ ಕೊಟ್ಟು ನಿಲ್ಲಿಸಿ ಬರೆದದ್ದು. ಆಕೆ 102 ವರ್ಷ ಬದುಕಿ 2018ರಲ್ಲಿ ತೀರಿಕೊಂಡರು. ಅದು ಎಣ್ಣೆ ಬಣ್ಣದ ಚಿತ್ರವಲ್ಲ, ಜಲವರ್ಣ. ಅಂದರೆ ನಮ್ಮ ರೇಷ್ಮೆ ಸೀರೆಯ ಸಾಲಿಗೆ ಸೇರಿದ ನಾಜೂಕಿನದು.

ಹಾಗಾದರೆ ಒಂದು ಫ್ಲಾಶ್ ಹೊಡೆದರೆ ಚಿತ್ರ ಹಾಳಾಗಿಬಿಡುತ್ತದಾ? ನಿಜ ಹೇಳಬೇಕು ಅಂದರೆ, ಇಲ್ಲ. ಈಗಿನ ಕ್ಯಾಮೆರಾದ ಒಂದೆರಡು ಫ್ಲಾಶ್‌ನಿಂದ ಕಣ್ಣಿಗೆ ಕಾಣುವ ಹಾನಿಯಾಗದು ಎಂದು ತಜ್ಞರೇ ಹೇಳುತ್ತಾರೆ. ಆದರೆ ದಿನವಿಡೀ ಬರುವ ಎಲ್ಲರೂ ‘ನಂದೊಂದೇ’ ಅಂದರೆ? ಪಕ್ಕದಲ್ಲಿ ಸುಮ್ಮನೆ ಚಿತ್ರ ನೋಡುತ್ತಾ ನಿಂತವರ ಕಣ್ಣಿಗೆ ರಪ್ ಅಂತ ಬೆಳಕು ಹೊಡೆದರೆ? ಬೇಡ ಅಂದ ಮೇಲೆ ಬೇಡ.

ಹಿಂದೆ ನೋಡದೆ ಹೆಜ್ಜೆ ಇಟ್ಟರೆ...

ಬೆಳಕಿಗಿಂತ ದೊಡ್ಡ ಅಪಾಯ ನಾವೇ! ಇಟಲಿಯ ವೆರೋನಾ ನಗರದ ಒಂದು ಮ್ಯೂಸಿಯಂನಲ್ಲಿ ಹರಳು ಕೂರಿಸಿದ ಕುರ್ಚಿಯೊಂದಿತ್ತು. 2025ರಲ್ಲಿ ಒಂದು ಜೋಡಿ, ಸಿಬ್ಬಂದಿ ಆಚೆ ಹೋಗುವುದನ್ನೇ ಕಾದು, ಕುರ್ಚಿ ಮೇಲೆ ಕೂತ ಹಾಗೆ ನಟಿಸಿ ಫೋಟೊ ತೆಗೆದುಕೊಳ್ಳಲು ಹೋದರು. ಗಂಡಸು ಕುರ್ಚಿಯ ಮೇಲೇ ಕುಸಿದ, ಕುರ್ಚಿ ಮುರಿಯಿತು. ಇಬ್ಬರೂ ಅಲ್ಲಿಂದ ಕಾಲ್ಕಿತ್ತರು, ಎಲ್ಲವೂ ಕ್ಯಾಮೆರಾದಲ್ಲಿ ದಾಖಲಾಯಿತು. ಅದೇ ವರ್ಷ ಜೂನ್‌ನಲ್ಲಿ ಫ್ಲಾರೆನ್ಸ್‌ನ ಉಫೀಜಿ ಗ್ಯಾಲರಿಯಲ್ಲಿ ಪೋಸ್ ಕೊಡಲು ಹಿಂದಕ್ಕೆ ಸರಿದ ಪ್ರವಾಸಿಯೊಬ್ಬ ಎಡವಿ, ಸುಮಾರು ಮುನ್ನೂರು ವರ್ಷದ ಹಳೆಯ ಭಾವಚಿತ್ರವನ್ನು ಹರಿದ. 2020ರಲ್ಲಿ ಇನ್ನೊಬ್ಬ ಶಿಲ್ಪಿ ಕನೋವಾನ ಪ್ಲಾಸ್ಟರ್ ಪ್ರತಿಮೆಯ ಪಕ್ಕ ಒರಗಿ ಕೂತು, ಪ್ರತಿಮೆಯ ಕಾಲ್ಬೆರಳು ಮುರಿದ. ಇವರ್ಯಾರೂ ಕೆಟ್ಟವರಲ್ಲ. ಫೋಟೊ ತೆಗೆಸಿಕೊಳ್ಳುವಾಗ ನಮಗೆಲ್ಲ ಮುಂದಿನ ಕ್ಯಾಮೆರಾ ಮಾತ್ರ ಕಾಣುತ್ತದೆ, ಬೆನ್ನ ಹಿಂದೆ ಏನಿದೆಯೋ ಕಾಣೋಲ್ಲ.

ಈಗ ನಿಮ್ಮ ಮಗಳನ್ನು ನೆನೆಸಿಕೊಳ್ಳಿ. ನೆಲ ಗುಡಿಸುವ ಸೆರಗು, ಕೈತುಂಬ ಬಳೆ, ಅಭ್ಯಾಸವಿಲ್ಲದ ಹೈಹೀಲ್ಡ್ ಚಪ್ಪಲಿ. ಅದಕ್ಕೇ ಹೇಳುವುದು, ಸೆರಗನ್ನು ಪಿನ್ ಮಾಡಿ ಎಡಗೈ ಮೇಲೆ ಹಾಕಿಕೊಳ್ಳಲಿ, ತಟ್ಟೆ ಚಪ್ಪಲಿ ಹಾಕಲಿ. ಒಬ್ಬರು, ನೀವೇ ಆದರೂ ಸರಿ, ಜೋಡಿಯ ಬೆನ್ನ ಕಡೆ ಕಣ್ಣಿಟ್ಟು ನಿಂತಿರಿ. ಆ ಹೊತ್ತಿಗೆ ಅದೊಂದೇ ನಿಮ್ಮ ಕೆಲಸ.

ಮುಡಿಗೆ ಒಂದು ಮೊಳ ಮಲ್ಲಿಗೆಗೆ ಯಾರೂ ಅಡ್ಡಿ ಮಾಡಲಾರರು. ಆದರೆ ಬುಟ್ಟಿಗಟ್ಟಲೆ ಹೂವು, ದೀಪ, ಬಲೂನು, ಕೇಕ್ ಒಯ್ಯಬೇಡಿ. ಹಸಿ ಹೂವಿನ ಜೊತೆ ಹುಳ ಬರುತ್ತದೆ, ಹುಳ ಕಾಗದ, ಬಟ್ಟೆ, ಮರ ಯಾವುದನ್ನೂ ಬಿಡೋಲ್ಲ.

ಎಲ್ಲಿ, ಹೇಗೆ ಕೇಳಬೇಕು?

ಬೆಂಗಳೂರಿನವರಿಗೆ ಜಾಗಕ್ಕೆ ಬರವಿಲ್ಲ. ಅರಮನೆ ರಸ್ತೆಯ ಹಳೆಯ ಮಾಣಿಕ್ಯವೇಲು ಬಂಗಲೆಯಲ್ಲಿ 2009ರಲ್ಲಿ ಶುರುವಾದ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿ ಇದೆ, ಸುತ್ತ ದೊಡ್ಡ ದೊಡ್ಡ ಮರಗಳು. ಸೋಮವಾರ ರಜೆ, ಮರೆಯಬೇಡಿ. ಕುಮಾರಕೃಪಾ ರಸ್ತೆಯಲ್ಲಿ 1960ರಲ್ಲಿ ಸ್ಥಾಪನೆಯಾದ ಚಿತ್ರಕಲಾ ಪರಿಷತ್ತು ಇದೆ. ಜನವರಿಯಲ್ಲಿ ಚಿತ್ರಸಂತೆಯ ಭಾನುವಾರ ಆ ಕಡೆ ತಲೆಹಾಕಬೇಡಿ, ಫೋಟೊ ಇರಲಿ, ಕಾಲಿಡಲೂ ಜಾಗ ಇರೋಲ್ಲ. ಕಸ್ತೂರ್ಬಾ ರಸ್ತೆಯಲ್ಲಿ 2023ರಲ್ಲಿ ಬಾಗಿಲು ತೆರೆದ ‘ಮ್ಯಾಪ್’ ಹೊಸಬರಿಗೆ ಇಷ್ಟವಾಗುವಂಥದ್ದು. ಒಂದೊಂದು ಕಡೆ ಒಂದೊಂದು ನಿಯಮ, ಅದೂ ಬದಲಾಗುತ್ತಿರುತ್ತದೆ. ಪಕ್ಕದ ಮನೆಯವರ ಮಗಳು ಅಲ್ಲಿ ತೆಗೆಸಿದಳು ಅಂತ ನೀವು ಹೊರಡಬೇಡಿ.

ಮಗಳು ಅಮೆರಿಕದಲ್ಲಿದ್ದಾಳಾ? ಅಲ್ಲೂ ಇದೇ ಕತೆ. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿ ಸ್ವಂತಕ್ಕೆ ಫೋಟೊ ತೆಗೆದುಕೊಳ್ಳಬಹುದು, ಫ್ಲಾಶ್ ಮತ್ತು ಟ್ರೈಪಾಡ್ ಕೂಡದು. ಸೆಲ್ಫಿ ಕೋಲನ್ನು 2015ರಲ್ಲೇ ನಿಷೇಧಿಸಿದ್ದಾರೆ.

ಕೇಳುವುದನ್ನು ಕಾಗದದಲ್ಲೋ ಇ-ಮೇಲ್‌ನಲ್ಲೋ ಕೇಳಿ, ಕನಿಷ್ಠ ಎರಡು ಮೂರು ವಾರ ಮೊದಲು. ಯಾವ ದಿನ, ಎಷ್ಟು ಹೊತ್ತು, ಎಷ್ಟು ಜನ, ಯಾವ ಕ್ಯಾಮೆರಾ ಸಾಮಾನು ಎಲ್ಲವನ್ನೂ ಬರೆಯಿರಿ. ‘ಅಂಗಳದಲ್ಲಿ, ಮೆಟ್ಟಿಲಲ್ಲಿ ಸಾಕು’ ಅಂತ ಸೇರಿಸಿದರೆ ಒಪ್ಪಿಗೆ ಸಿಗುವ ಸಂಭವ ಹೆಚ್ಚು. ಶುಲ್ಕ ಇದ್ದರೆ ರಸೀದಿ ತೆಗೆದುಕೊಳ್ಳಿ. ಉತ್ತರದ ಒಂದು ಪ್ರತಿ ನಿಮ್ಮ ವ್ಯಾನಿಟಿ ಬ್ಯಾಗಿನಲ್ಲೇ ಇರಲಿ, ಫೋಟೊಗ್ರಾಫರ್ ಕೈಯಲ್ಲಿ ಅಲ್ಲ. ಮುಂಗಡ ಕೊಡುವ ಮೊದಲು ಅವನಿಗೂ ಹೇಳಿ: ಅನುಮತಿ ಸಿಗದಿದ್ದರೆ ಹಣ ಏನು ಮಾಡುತ್ತೀಯಪ್ಪಾ? ಬರೆದುಕೊಡು.

ಇನ್ನೊಂದು ವಿಷಯ ಬಹಳ ಜನ ಮರೆಯುತ್ತಾರೆ. ಮನೆಯ ಆಲ್ಬಮ್‌ಗೆ ಅಂತ ಅನುಮತಿ ಪಡೆದಿರುತ್ತೀರಿ. ಫೋಟೊಗ್ರಾಫರ್ ಅದೇ ಫೋಟೊಗಳನ್ನು ತನ್ನ ಜಾಹೀರಾತಿಗೆ ಇನ್‌ಸ್ಟಾಗ್ರಾಂನಲ್ಲಿ ಹಾಕಿಬಿಡುತ್ತಾನೆ. ಆಗ ಅದು ವ್ಯಾಪಾರವಾಯಿತು. ಹಿಂದೆ ಗೋಡೆಯಲ್ಲಿ ಇರುವ ಚಿತ್ರಕ್ಕೂ ಒಬ್ಬ ಒಡೆಯ ಇದ್ದಾನೆ. ನಮ್ಮ ದೇಶದಲ್ಲಿ ಕಲಾವಿದ ತೀರಿಕೊಂಡ ಮೇಲೂ 60 ವರ್ಷ ಅವನ ಕೃತಿಗೆ ಕಾಪಿರೈಟ್ ಇರುತ್ತದೆ. ಮಗಳ ಮುಖ ಯಾರದೋ ಅಂಗಡಿಯ ಬೋರ್ಡ್ ಆಗುವುದು ನಿಮಗೂ ಬೇಡ ತಾನೆ? ‘ಕೇಳದೆ ಎಲ್ಲೂ ಹಾಕುವಂತಿಲ್ಲ’ ಎಂಬ ಸಾಲನ್ನು ಒಪ್ಪಂದದಲ್ಲೇ ಸೇರಿಸಿ.

ಸೀರೆ ವಿಷಯಕ್ಕೆ ಬಂದರೆ, ದೊಡ್ಡ ಅಂಚು, ಮೈತುಂಬ ಬುಟ್ಟಾ ಇರುವುದನ್ನು ಛತ್ರಕ್ಕೇ ಇಟ್ಟುಕೊಳ್ಳಿ. ಚಿತ್ರವೂ ಬಣ್ಣ, ಸೀರೆಯೂ ಬಣ್ಣ ಅಂದರೆ ಹುಡುಗಿಯ ಮುಖವೇ ಕಾಣೋಲ್ಲ. ಒಂದೇ ಬಣ್ಣದ ಸರಳ ಸೀರೆ ಬಿಳಿ ಗೋಡೆಗೆ ಎದ್ದು ಕಾಣುತ್ತದೆ. ಫ್ಲಾಶ್ ಇಲ್ಲದೆ ಮಬ್ಬು ಬೆಳಕಿನಲ್ಲೂ ತೆಗೆಯಬಲ್ಲ ಲೆನ್ಸ್ ಇದೆಯೇ ಎಂದು ಫೋಟೊಗ್ರಾಫರ್‌ನನ್ನು ಮೊದಲೇ ಕೇಳಿ. ಇಲ್ಲ ಅಂದರೆ ಬೇರೆಯವನನ್ನು ಹುಡುಕಿ. ಗಾಜು ಹಾಕಿದ ಚಿತ್ರದ ನೇರ ಎದುರಿಗೆ ನಿಲ್ಲಿಸಿದರೆ ಫೋಟೊಗ್ರಾಫರನೂ ಪ್ರತಿಬಿಂಬದಲ್ಲಿ ಬಂದುಬಿಡುತ್ತಾನೆ, ಸ್ವಲ್ಪ ಓರೆಯಾಗಿ ನಿಲ್ಲಿಸಲಿ.

ಅಕ್ಕನ ಮನೆಯವರು ಏನು ಮಾಡಿದರು ಅಂತ ಕೇಳುತ್ತೀರಾ? ಭಾವನವರೇ ಕೂತು ಕಾಗದ ಬರೆದರು. ಎರಡು ವಾರಕ್ಕೆ ಉತ್ತರ ಬಂತು. ಒಂದು ಬುಧವಾರ ಬೆಳಿಗ್ಗೆ, ಜೋಡಿ, ಫೋಟೊಗ್ರಾಫರ್, ಅಕ್ಕ, ಬೀಗಿತ್ತಿ, ಐದೇ ಜನ ಹೋದರು. ಬೀಗಿತ್ತಿಯನ್ನು ಅಕ್ಕನೇ ಫೋನ್ ಮಾಡಿ ಕರೆದಳು. ಅಂಗಳದ ಮರದ ಕೆಳಗೆ, ಕಲ್ಲಿನ ಮೆಟ್ಟಿಲ ಮೇಲೆ ಮುಕ್ಕಾಲು ಗಂಟೆಯಲ್ಲಿ ಫೋಟೊ ಮುಗಿಯಿತು. ಆಮೇಲೆ ಕ್ಯಾಮೆರಾವನ್ನು ಕಾರಿನಲ್ಲಿ ಇಟ್ಟು, ಟಿಕೆಟ್ ತೆಗೆದುಕೊಂಡು ಎಲ್ಲರೂ ಒಳಗೆ ಹೋದರು. ಹುಡುಗಿ ಒಂದು ಚಿತ್ರದ ಮುಂದೆ ನಿಂತು ಹುಡುಗನಿಗೆ ಏನೇನೋ ವಿವರಿಸುತ್ತಿದ್ದಳಂತೆ, ಅವನು ಕೈಕಟ್ಟಿಕೊಂಡು ಕೇಳುತ್ತಿದ್ದನಂತೆ. ಅದರ ಫೋಟೊ ಯಾರ ಹತ್ತಿರವೂ ಇಲ್ಲ. ಬೀಗಿತ್ತಿ ಮಾತ್ರ ಮನೆಗೆ ಬಂದವರಿಗೆಲ್ಲ ಅದನ್ನೇ ಹೇಳುತ್ತಿರುತ್ತಾರೆ.